ಲೇಬಲ್ ಕೆಳಗಿನ ಹೆಸರು

ಜೂನ್ 2, ಭಾನುವಾರ, ಬೆಳಿಗ್ಗೆ 7

ರೆಕಾರ್ಡು ತೊಳೆದ ನೀರು, ಮೂರನೇ ತೊಟ್ಟಿ, ಚೆಲ್ಲಿ ಬಂದೆ. ಡಿಕಾಕ್ಷನ್ ಬಣ್ಣ. ಮೇಲೆ ಎಣ್ಣೆಯ ಪದರ, ಅದರಲ್ಲಿ ಜಿರಲೆಯ ಒಂದು ಕಾಲು. ಥೂ. ಅಪ್ಪನ ಹೋಟೆಲಿನಲ್ಲಿ, ಕ್ಯಾಶ್ ಕೌಂಟರ್ ಹಿಂದೆ ನಲವತ್ತು ವರ್ಷ ಕೂತ ರೆಕಾರ್ಡುಗಳು — ದೋಸೆ ಹೊಗೆ, ಊದುಬತ್ತಿ, ಗಿರಾಕಿಗಳ ಬೀಡಿ, ಎಲ್ಲ ಗೆರೆ ಗೆರೆಯಲ್ಲೂ ಇಳಿದಿದೆ.

ಅಲ್ಟ್ರಾಸಾನಿಕ್ ಕ್ಲೀನರ್, ಆನ್‌ಲೈನ್‌ನಲ್ಲಿ ಸಿಕ್ಕಿದ್ದರಲ್ಲಿ ಅಗ್ಗದ್ದು. ಸ್ಟೀಲ್ ತೊಟ್ಟಿ, ಮೇಲೊಂದು ಸಲಾಕೆ, ಪುಟ್ಟ ಮೋಟಾರು. ರೆಕಾರ್ಡು ಅರ್ಧ ಮುಳುಗಿ ನಿಧಾನಕ್ಕೆ ತಿರುಗುತ್ತದೆ. ಕಿವಿಗೆ ಕೇಳದ ಸದ್ದು ನೀರನ್ನು ನಡುಗಿಸಿ ಕೊಳೆ ಎಬ್ಬಿಸುತ್ತದಂತೆ. ಕೇಳದ ಸದ್ದು ಅನ್ನುವುದು ಸುಳ್ಳು. ಹಲ್ಲು ಜುಂ ಅನ್ನುತ್ತದೆ.

ಇದೆಲ್ಲ ತಮ್ಮ ಮಿಥುನ್‌ಗಾಗಿ. ಹದಿನಾರಕ್ಕೆ ಅಪ್ಪನ ವರ್ಷಾಂತಿಕ, ಊರಿನ ಆಚೆ ತುದಿಯ ಮಾಧವರಂನ ಅವನ ಮನೆಯಲ್ಲಿ. ಊಟದ ಹೊತ್ತಿಗೆ ಅಪ್ಪನ ಇಷ್ಟದ ರೆಕಾರ್ಡು ಹಾಕಬೇಕಂತೆ. "ಆ ಮಂಗಳೂರು ಹುಡುಗೀದು ಅಕ್ಕ, ಭಕ್ತಿಗೀತೆ. ಕರಕರ ಅನ್ನಬಾರ್ದು. ಗೆಸ್ಟ್ ಎಲ್ಲಾ ಬರ್ತಾರೆ." ಅವನು ಹೇಳುತ್ತಾನೆ. ನಾನು ಜಿರಲೆ ಕಾಲು ಹೆಕ್ಕುತ್ತೇನೆ.

ಜೂನ್ 4, ಮಂಗಳವಾರ

ಪೆರುಂಗುಡಿ ಆಫೀಸಿನಲ್ಲಿ ಕೈ ಮೂಸಿದೆ. ಇನ್ನೂ ಅದೇ ಹಳೆ ಎಣ್ಣೆ. ಊಟ ಸೇರಲಿಲ್ಲ.

ಮನೆಗೆ ಬಂದಾಗ ಅಮ್ಮ ಯಂತ್ರದ ಹತ್ತಿರ ನಿಂತಿದ್ದರು.

"ಎಲ್ಲಾ ಮುಳುಗಿಸ್ತೀಯಾ ಮಾಧವಿ? ಆ ಸಣ್ಣದೂ?"

"ಅದೇ ಮುಖ್ಯ ಅಲ್ವಾ? ಅಪ್ಪನ ಮಂಗಳೂರು ಹುಡುಗಿ."

ಅಮ್ಮ ಒಳಗೆ ಹೋದರು.

ಅಪ್ಪನ ಜೋಕು ನೆನಪಾಯಿತು. ಮದುವೆಯ ಹೊಸದರಲ್ಲಿ ಅಮ್ಮ ಇಲ್ಲೇ ಒಂದು ಸ್ಟುಡಿಯೋದಲ್ಲಿ ಎರಡು ಹಾಡು ಹಾಡಿದ್ದರಂತೆ. "ಕಂಪನಿಯವ್ರು ಇದಕ್ಕಿಂತ ಕಾಗೆಯೇ ಸಾಕು ಅಂತ ವಾಪಸ್ ಕಳಿಸಿದ್ರು!" ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾವಿಬ್ಬರು ಮಕ್ಕಳೂ ನಗುತ್ತಿದ್ದೆವು. ಅಮ್ಮ ಕಾಫಿ ಲೋಟ ಎತ್ತಿಕೊಂಡು ಹೋಗುತ್ತಿದ್ದರು.

ಜೂನ್ 8, ಶನಿವಾರ, ಮಧ್ಯಾಹ್ನ 3

ಲೇಬಲ್ ಕಾಪಾಡುವ ರಬ್ಬರ್ ಬಿಲ್ಲೆ ಸೋರಿತು. ಅಗ್ಗದ ಮಾಲು. ಮಂಗಳೂರು ಹುಡುಗಿಯ ಲೇಬಲ್ ಉಬ್ಬಿ ಗುಳ್ಳೆ ಎದ್ದಿತು. ಬೆರಳಿಟ್ಟೆ, ಹಾಲಿನ ಕೆನೆಯಂತೆ ಇಡೀ ಕಾಗದ ಜಾರಿ ಬಂತು. ಹಿಂದೆ ಲೋಳೆ ಲೋಳೆ ಮೈದಾ ಅಂಟು, ಕೊಳೆತ ಹಿಟ್ಟಿನ ನಾತ.

ಕೆಳಗೆ ಇನ್ನೊಂದು ಲೇಬಲ್. ಕೆಂಪು. ಇಂಗ್ಲಿಷ್ ಅಕ್ಷರ. ಜಯಲಕ್ಷ್ಮೀ ಹರಿದಾಸ, 1975.

ಅಮ್ಮ.

ಒಣಗಿಸಿ ಹಾಕಿದೆ. ಕರಕರ ಇಲ್ಲ. ಸಾಲಿನ ಕೊನೆಯನ್ನು ಸ್ವಲ್ಪ ಎಳೆದು ಬಿಡುವುದು — ನನ್ನನ್ನು ಊಟಕ್ಕೆ ಕರೆಯುವಾಗಲೂ ಹಾಗೆಯೇ. ಹೋಟೆಲಿನಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೆ! ಇಡ್ಲಿ ತಿನ್ನುತ್ತಾ. ಗುರುತೇ ಹಿಡಿಯಲಿಲ್ಲ.

ಸಂಜೆ 5

ಮಿಥುನ್‌ಗೆ ಫೋನ್ ಮಾಡಿದೆ. ಅಪ್ಪ ಅಮ್ಮನ ಹೆಸರು ಮುಚ್ಚಿದ್ದಾರೆ, ವಾಪಸ್ ಕಳಿಸಿದ್ದು ಶುದ್ಧ ಸುಳ್ಳು ಅಂದೆ.

"ಅಕ್ಕ, ವಿಡು, ಬಿಟ್ಟುಬಿಡು. ಆ ಕಾಲದ ಜನ ಹಾಗೇ. ಈಗ ಅಪ್ಪನ ಮಾನ ಯಾಕೆ ತೆಗೀತೀಯ? ಫೆವಿಕಾಲ್ ಹಾಕಿ ಮತ್ತೆ ಅಂಟಿಸಿಬಿಡು."

ಮತ್ತೆ ಅಂಟಿಸು! ಸ್ನಾನ ಮಾಡಬೇಕು ಅನ್ನಿಸಿತು.

ಜೂನ್ 9, ಭಾನುವಾರ, ಬೆಳಿಗ್ಗೆ 10

ಅಮ್ಮನಿಗೆ ತೋರಿಸಿದೆ. ಬೆರಳಿನಿಂದ ಹೆಸರು ಸವರಿದರು.

"ಅಪ್ಪ ಇಂಥಾ ಹೊಲಸು ಕೆಲಸ ಮಾಡಿದ್ದಾರೆ ಅಮ್ಮ."

"ಅಂಟಿಸಿದ್ದು ಅವರಲ್ಲ ಮಾರಾಯ್ತಿ. ನಾನು."

ಕಂಪನಿ ಐದು ಪ್ರತಿ ಕಳಿಸಿತ್ತಂತೆ. ಹೋಟೆಲಿನವನ ಹೆಂಡತಿಯ ಹೆಸರು ಊರೆಲ್ಲ ತಿರುಗಬೇಕಾ ಎಂದು ಅಪ್ಪ ಒಂದೊಂದನ್ನೇ ಮೊಣಕಾಲಿಗೆ ಹೊಡೆದು ಮುರಿದರಂತೆ. ಒಮ್ಮೆ ಹಾಕಿ ಕೇಳಲೂ ಇಲ್ಲ. ಅಮ್ಮ ಒಂದನ್ನು ಅಕ್ಕಿ ಡಬ್ಬಿಗೆ ತುರುಕಿದ್ದರು. ಆಮೇಲೆ ಯಾವುದೋ ಮಂಗಳೂರು ಹುಡುಗಿಯ ಒಡೆದ ರೆಕಾರ್ಡಿನ ಎರಡೂ ಬದಿಯ ಲೇಬಲ್ ಕಿತ್ತು, ಮೈದಾ ಕಲಸಿ ಇದರ ಮೇಲೆ ಅಂಟಿಸಿ, ಹೋಟೆಲಿನ ರಾಶಿಯಲ್ಲಿ ಸೇರಿಸಿದರು.

"ಯಾಕಮ್ಮ?"

"ಮುರಿಯದೆ ಉಳೀಲಿ ಅಂತ. ಒಂದಿನ ರಾತ್ರಿ ಊಟಕ್ಕೆ ಕೂತು ಹೇಳಿದ್ರು — ಮಂಗಳೂರಿನ ಒಂದು ಹುಡುಗಿ ಹಾಡ್ತಾಳೆ, ಹಾಡೋದಾದ್ರೆ ಹಾಗೆ ಹಾಡ್ಬೇಕು, ನಿನ್ನ ಹಾಗಲ್ಲ ಅಂತ. ಸಾರು ಬಡಿಸ್ತಾ ಇದ್ದೆ. ಒಂಥರಾ ಹೇಸಿಗೆ ಆಯ್ತು. ಆ ಮನುಷ್ಯನಿಗೆ ನನ್ನ ಸ್ವರವೇ ಗೊತ್ತಿಲ್ವಲ್ಲ. ಆಮೇಲೆ ಮನೇಲಿ ಹಾಡ್ಲೇ ಇಲ್ಲ."

"ಕಾಗೆ ಅಂತ ನಗ್ತಿದ್ರಲ್ಲ, ಆಗಾದ್ರೂ ಹೇಳಬಹುದಿತ್ತು."

"ನೀವೂ ನಗ್ತಿದ್ರಿ."

ಜೂನ್ 12

ಅಪ್ಪನ ಫೋಟೋ ಎದುರು ದೀಪ ಹಚ್ಚಲು ಕೈ ಏಳಲಿಲ್ಲ. ಅಮ್ಮನೇ ಹಚ್ಚಿದರು. ಅದನ್ನು ನೋಡಿಯೂ ಸಿಟ್ಟು ಬಂತು.

ಜೂನ್ 16, ಭಾನುವಾರ, ಸಂಜೆ 4

ಈಗಷ್ಟೇ ಮೈಲಾಪೂರಿಗೆ ವಾಪಸ್.

ರೆಕಾರ್ಡು ಒಯ್ಯುವುದು ಬೇಡ ಅಂದಿದ್ದೆ. ಅಮ್ಮನೇ ಚೀಲಕ್ಕೆ ಹಾಕಿಕೊಂಡರು. ಬೇರೆ ಲೇಬಲ್ ಅಂಟಿಸಲಿಲ್ಲ.

ಎಲೆ ಹಾಕಿದ ಮೇಲೆ ಮಿಥುನ್ ಎದ್ದು ನಿಂತು ಅಪ್ಪನ ಸಂಗೀತಪ್ರೇಮದ ಬಗ್ಗೆ ಹೇಳಿದ. ಸೂಜಿ ಇಟ್ಟ. ಹೋಟೆಲಿನ ಹಳೆಯ ಅಡುಗೆಯವರು, ಬಾಬಣ್ಣ, ಕಣ್ಣೊರೆಸಿಕೊಂಡರು. "ಇದು ಕೇಳದೆ ಧಣಿಗಳು ಕೌಂಟರಿಗೆ ಕೂರ್ತಿರ್ಲಿಲ್ಲ."

ಮಿಥುನ್ ಮಗಳು ಪ್ರಣಮ್ಯಾ ಅಮ್ಮನ ಪಕ್ಕ ಕೂತಿದ್ದಳು. ಹಾಡುತ್ತಿರುವುದು ಯಾರಜ್ಜಿ ಎಂದು ತಮಿಳಿನಲ್ಲೇ ಕೇಳಿದಳು, "ಪಾಟಿ, ಯಾರು ಪಾಡ್ರಾಂಗ?"

"ನಾನು."

ಅಮ್ಮ ಮೆಲ್ಲಗೆ ಹೇಳಲಿಲ್ಲ. ಸಾಲಿನುದ್ದಕ್ಕೂ ಕೈಗಳು ಎಲೆಯ ಮೇಲೆ ನಿಂತವು.

ಮಿಥುನ್ ನಕ್ಕ. ನಕ್ಕು, ಅದೇ ಕಾಗೆಯ ಜೋಕು ಹೇಳಿದ. ಅಪ್ಪನ ಧ್ವನಿಯಲ್ಲೇ, ಅಪ್ಪನಂತೆಯೇ ತೊಡೆ ತಟ್ಟಿ. ಇಬ್ಬರು ಮೂವರು ನಕ್ಕರು. ಬಾಯಲ್ಲಿದ್ದ ಪಾಯಸ ನುಂಗಲಾಗಲಿಲ್ಲ. ಎಲೆಯ ಅಂಚಿಗೆ ಉಗಿದೆ. ಎಲ್ಲರೆದುರು.

ಅಮ್ಮ ಎದ್ದು ರೆಕಾರ್ಡು ತೆಗೆದು ಪ್ರಣಮ್ಯಾ ಕೈಗಿಟ್ಟರು. "ಓದು ಮಗಾ. ಜೋರಾಗಿ."

"ಜಯಲಕ್ಷ್ಮೀ... ಹರಿದಾಸ." ಹುಡುಗಿ ಇನ್ನೊಮ್ಮೆ ನೋಡಿದಳು. "ಪಾಟಿ! ನೀಂಗಳಾ?"

ಯಾರೂ ನಗಲಿಲ್ಲ. ಬಾಬಣ್ಣ ಕೈ ತೊಳೆಯದೆಯೇ ಎದ್ದು ಬಂದು ಅಮ್ಮನ ಎದುರು ನಿಂತರು. ಮಿಥುನ್ ನನ್ನತ್ತ ನೋಡಿದ, ನಾನೇ ಹೇಳಿಕೊಟ್ಟೆನೆಂಬಂತೆ. "ಇವತ್ತೇ ಬೇಕಿತ್ತಾ ಅಕ್ಕ?"

"ನಡಿ ಹೋಗುವಾ," ಅಂದರು ಅಮ್ಮ, ರೆಕಾರ್ಡನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ.

ಆಟೋದಲ್ಲಿ ಮಿಥುನ್ ಫೋನ್ ಮೂರು ಸಲ ಬಂತು, ಅಮ್ಮನೇ ಕಟ್ ಮಾಡಿದರು. ಈಗ ಸೀರೆ ಬದಲಿಸಿ ಬಂದು ಪ್ಲೇಯರ್ ಮುಂದೆ ಕುರ್ಚಿ ಎಳೆದುಕೊಂಡಿದ್ದಾರೆ. ಎರಡನೇ ಬದಿ ಹೋಟೆಲಿನಲ್ಲಿ ಯಾರೂ ಹಾಕಿದ್ದಿಲ್ಲವಂತೆ, ತಾವೂ ಇವತ್ತಿನವರೆಗೆ ಕೇಳಿಲ್ಲವಂತೆ. ಏಳಲು ಹೋದೆ. ಬೇಡ, ನೀನು ಬರೀತಾ ಇರು, ಸೂಜಿ ನಾನೇ ಇಡ್ತೇನೆ ಅಂದರು.