ನನ್ನ ಕೂಗಿಗೆ ಓಗೊಟ್ಟವನು

ಶಿವಶಂಕರಣ್ಣ,

ನೀನು ಸತ್ತ ಮೇಲೆ ನಿನ್ನ ಹೊಲದ ಕಡೆ ನಾನು ಕೂಗಿರಲಿಲ್ಲ. ನಿನ್ನೆ ಮುಸ್ಸಂಜೆ ಆನೆ ಇಳಿದಾಗ ಹಳೆಯ ರೂಢಿಯಲ್ಲಿ ಕೂಗಿಬಿಟ್ಟೆ. ನಿನ್ನ ಕಾವಲಿನ ಅಟ್ಟಣೆಯಿಂದ ‘ಓ’ ಎಂದು ಬಂತು.

ಎಮರ್ಜೆನ್ಸಿಯಲ್ಲಿ, ಸೋಷಲಿಸ್ಟನೆಂದು ಪೊಲೀಸರು ಹುಡುಕುವಾಗ, ನೀನು ಅಲ್ಲೇ ಅಡಗಿದ್ದೆ. ಅವರು ಪಕ್ಕದಲ್ಲಿ ನಿಂತು ನನ್ನಿಂದ ಕೂಗಿಸಿದರು. ಓಗೊಡದಿದ್ದರೆ ಆನೆ ತುಳಿದಿದೆ ಎಂದೇ ನಮ್ಮ ತಿಗನಾರೆಯಲ್ಲಿ ಅರ್ಥ. ನಾನು ಗಾಬರಿಯಾದೇನೆಂದು ನೀನು ಓಗೊಟ್ಟೆ, ಸಿಕ್ಕಿಬಿದ್ದೆ. ಆಮೇಲೆ ಎಮ್ಮೆಲ್ಲೆಯಾದೆ. ಸಭೆಗಳಲ್ಲಿ ಜೈಲಿನ ಕತೆ ಹೇಳಿದೆ, ಕೂಗಿದವನು ಈ ಬಿಳಿಗಿರಿ ಎಂದು ಹೇಳಲಿಲ್ಲ. ಒಂದು ಸಲ ಬೈದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ನಿನ್ನೆ ಅಟ್ಟಣೆಯಿಂದ ಇಳಿದು ಓಡಿಬಂದವಳು ನಿನ್ನ ಮಗಳು ಗುರುಲಿಂಗಮ್ಮ.

“ಯಾಕ್ ಮಾವ, ಇಂಗ್ ನಡುಗ್ತಾ ಇದ್ದೀಯೆ? ಬಿಳಿಗಿರಿ ಕೂಗುದ್ರೆ ಓಗೊಡ್ದೆ ಇರ್ಬ್ಯಾಡ ಅಂತ ಅಪ್ಪ ಸಾಯೋವಾಗ್ಲೂ ಏಳ್ದ ಕಣ್ ಮಾವ.”