ಬಸಗೊಂಡಪ್ಪನವರ ಬೋಣಿಗೆ

ಮಾರ್ಚ್ 6, ಗುರುವಾರ

ಮತ್ತೆ ಆ್ಯಪ್ ಬಿತ್ತು. ತಿಕೋಟಾದ ಒಣದ್ರಾಕ್ಷಿ ಹರಾಜು, ಹೋದ ವಾರದ ಹಾಗೆಯೇ. ಮೊದಲು ಹತ್ತು ನಿಮಿಷ ಒಂದು ನರಪಿಳ್ಳೆಯೂ ಬಿಡ್ ಹಾಕಲಿಲ್ಲ. ಆಮೇಲೆ ಒಮ್ಮೆಲೇ ಮುನ್ನೂರು ಜನ ಮುಗಿಬಿದ್ದರು. ಆ್ಯಪ್ ಠಪ್.

ನಮ್ಮ ಆ್ಯಪ್ ಕಂಪನಿಯ ಮಾಲೀಕರು ಸಿದ್ದರಾಮ ಸರ್ ಬಂದು ನನ್ನ ಟೇಬಲ್ ಮುಂದೆ ನಿಂತರು. "ನಿರ್ಮಲಾ, ವ್ಯಾಪಾರಸ್ಥರು ಖಡಾಖಂಡಿತ ಹೇಳ್ಯಾರ. ಮುಂದಿನ ಗುರುವಾರ ಬಂದ್ ಬಿತ್ತಂದ್ರ ಆ್ಯಪ್ ಬಿಟ್ಟು ಮತ್ತ ಟಾವೆಲ್ ಕೆಳಗ ಕೈ ಹಿಡಿದು ರೇಟ್ ಮಾಡ್ತಾರಂತ."

ಟಾವೆಲ್ ಕೆಳಗೆ ಯಾರ ಬೆರಳು ಏನು ಹೇಳಿತು ಅನ್ನುವುದು ದ್ರಾಕ್ಷಿ ಬೆಳೆದವರಿಗೆ ಎಂದೂ ಗೊತ್ತಾಗುವುದಿಲ್ಲ. ಅದನ್ನು ತಪ್ಪಿಸಲೆಂದೇ ಈ ಆ್ಯಪ್.

ಮಾರ್ಚ್ 7

ಲೋಡ್ ಬ್ಯಾಲೆನ್ಸರ್ ತಪ್ಪಿಲ್ಲ. ಬಂದವರನ್ನು ಸರ್ವರ್‌ಗಳಿಗೆ ಹಂಚುವುದು ಅದರ ಕೆಲಸ, ಹಂಚಿದೆ. ತಪ್ಪು ನಾನು ಬರೆದ ಆಟೊಮೇಶನ್ ಸ್ಕ್ರಿಪ್ಟಿನದು — ಜನ ಇಲ್ಲದಿದ್ದರೆ ಸರ್ವರ್ ತೆಗೆ, ಬಂದರೆ ಸೇರಿಸು. ಹತ್ತು ನಿಮಿಷ ಸದ್ದಿಲ್ಲವೆಂದು ನಾಲ್ಕರಲ್ಲಿ ಮೂರನ್ನು ತೆಗೆದು ಕೂತಿದೆ, ಮಹಾ ಜಾಣ! ಹೊಸದು ಏಳುವಷ್ಟರಲ್ಲಿ ಮುನ್ನೂರು ಜನರೂ ಒಂದರ ಮೇಲೆ. ಸ್ಕ್ರಿಪ್ಟ್ ತೆಗೆದು ನಾಲ್ಕನ್ನೂ ದಿನವಿಡೀ ನಡೆಸಿಡೋಣವೆಂದರೆ ಬಾಡಿಗೆ ಜಾಸ್ತಿಯೆಂದು ಸರ್ ಒಪ್ಪಲಿಲ್ಲ.

ಆದರೆ ಆ ಹತ್ತು ನಿಮಿಷ ಯಾಕೆ ಸುಮ್ಮನಿರುತ್ತಾರೆ? ಸೋಮವಾರ ಸಣ್ಣ ಹರಾಜಿದೆ. ಹೋಗಿ ಕೂರುತ್ತೇನೆ.

ಮಾರ್ಚ್ 10, ಸೋಮವಾರ

ತಿಕೋಟಾ. ಹರಾಜು ಶುರುವಾದರೂ ಎಲ್ಲರ ಕೈಯಲ್ಲಿ ಫೋನ್, ಎಲ್ಲರ ಕಣ್ಣು ಬಾಗಿಲ ಮೇಲೆ. ಹಾಲ್ ನೋಡಿಕೊಳ್ಳುವ ಫಯಾಜನನ್ನು ಕೇಳಿದೆ.

"ಬಸಗೊಂಡಪ್ಪ ಮುತ್ಯಾ ಇನ್ನಾ ಬಂದಿಲ್ಲಲ್ರೀ ಅಕ್ಕಾರ. ಬೋಣಿಗಿ ಅವರದ, ಮೊದಲನೇ ಬಿಡ್ ಅವರ ಹಾಕಬೇಕು. ಹಿರ್ಯಾರನ್ನ ಬಿಟ್ಟು ಕೈ ಹಾಕೂದು ಹೆಂಗ್ರಿ?"

ಅಯ್ಯೋ ಶಿವನೇ! ಆ್ಯಪ್‌ನಲ್ಲೂ ಬೋಣಿಗೆ! ಇದನ್ನು ಯಾವ ಸ್ಕ್ರಿಪ್ಟಿಗೆ ಹೇಳಲಿ?

ಬಸಗೊಂಡಪ್ಪನವರು ಬಬಲೇಶ್ವರದ ಹಳೆಯ ವ್ಯಾಪಾರಸ್ಥರು. ಬಂದರು, ಚಹಾ ಕುಡಿದರು, ನಿಧಾನಕ್ಕೆ ಒಂದು ಬಿಡ್ ಒತ್ತಿದರು. ಇಡೀ ಹಾಲ್ ಮೈಮೇಲೆ ದೇವರು ಬಂದಂತೆ ಒತ್ತತೊಡಗಿತು.

ಆಮೇಲೆ ಅವರ ಹತ್ತಿರ ಕೂತು ಬಿಡಿಸಿ ಹೇಳಿದೆ. ಗುರುವಾರ ನಾಲ್ಕೂ ಸರ್ವರ್ ತಯಾರಾದ ಮೇಲೆ ಫೋನ್ ಮಾಡುತ್ತೇನೆ, ಆಗ ಒತ್ತಿರಿ ಎಂದೆ. ನಕ್ಕರು.

"ನೀ ಹೂಂ ಅಂದಾಗ ನಾ ಒತ್ತಬೇಕೇನಬೇ? ಅದ್ರಕಿಂತ ನಿನ್ನ ಮಷೀನಿಗೇ ಹೇಳು, ನನ್ನ ಹೆಸರ್ಲೆ ಒತ್ತಲಿ. ಹ್ವಾದ ವಾರದ ರೇಟಿಗೆ ಹಾಕು. ಇದೊಂದ ಗುರುವಾರ. ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ. ನಮ್ಮ ಮನ್ಯಾಕಿ ಮುಂದನೂ!"

ಸರ್ ಒಬ್ಬರಿಗೆ ಮಾತ್ರ ಫೋನಿನಲ್ಲಿ ಹೇಳಿ, ರೂಮಿಗೆ ಬಂದು ಸ್ಕ್ರಿಪ್ಟ್ ಬರೆದೆ. ನಾಲ್ಕು ಸರ್ವರ್ ಎಬ್ಬಿಸು. ನಾಲ್ಕೂ ಉತ್ತರ ಕೊಡುತ್ತವೆಯೇ ನೋಡು. ಬ್ಯಾಲೆನ್ಸರ್‌ಗೆ ಸೇರಿಸು. ಆಮೇಲೆ ಬಸಗೊಂಡಪ್ಪನವರ ಬೋಣಿಗೆ ಹಾಕು.

ಮಾರ್ಚ್ 13, ಗುರುವಾರ, ಬೆಳಿಗ್ಗೆ

ನಿನ್ನೆ ಸಂಜೆ ಬಸಗೊಂಡಪ್ಪನವರಿಗೆ ಎದೆನೋವು. ವಿಜಯಪುರದ ಆಸ್ಪತ್ರೆಯಲ್ಲಿದ್ದಾರಂತೆ.

ಬೋಣಿಗೆ ಹಾಕುವ ಆ ಕೊನೆಯ ಸಾಲು ಅಳಿಸಲೇ ಎಂದು ಸರ್ ಅವರನ್ನು ಕೇಳಿದೆ. "ಹುಚ್ಚಿ ಅದಿ ಏನ? ಅವರ ಒಪ್ಪ್ಯಾರಲ್ಲ. ಬೋಣಿಗಿ ಇಲ್ಲಂದ್ರ ಒಬ್ಬನೂ ಕೈ ಹಾಕೂದಿಲ್ಲ."

ಅದೂ ಖರೆ. ಘೋಣಸಗಿಯಿಂದ ದ್ರಾಕ್ಷಿ ಬೆಳೆಯುವ ಹೊಳೆವ್ವ ಎರಡು ಸಲ ಫೋನ್ ಮಾಡಿದಳು. "ಯವ್ವಾ, ಮೊದಲನೇ ಲಾಟ್ ನಂದ ಐತಿ. ಇವತ್ತರ ನೆಟ್ಟಗ ನಡಿತೈತಿಲ್ಲ?"

ಅಳಿಸಲಿಲ್ಲ.

11.30

ಆ್ಯಪ್ ಬೀಳದೆ ನಿಂತಿತು! ನಾಲ್ಕೂ ಎದ್ದವು, ಬೋಣಿಗೆ ಬಿತ್ತು. ಆಮೇಲೆ ಎರಡು ನಿಮಿಷ ಒಬ್ಬರೂ ಒತ್ತಲಿಲ್ಲ… ಬಂದರು ನೋಡು ಆಗ, ಹೊಳೆ ಬಂದಂತೆ! ಹೊಳೆವ್ವನ ಮಾಲಿಗೆ ಈ ಸೀಸನ್ನಿನಲ್ಲೇ ದೊಡ್ಡ ರೇಟು. ಸರ್ ಪೇಢೆ ತರಿಸಿದರು.

12.15

ಫಯಾಜನ ಫೋನ್. ಅಳುತ್ತಿದ್ದ.

"ಮುತ್ಯಾ ಹ್ವಾದ್ರಿ ಅಕ್ಕಾರ. ಹತ್ತೂವರಿಗೇ. ಸುದ್ದಿ ಬಂತು, ಇವತ್ತ ಹರಾಜ ಬ್ಯಾಡಂತ ಎಲ್ಲಾರೂ ಫೋನ್ ಕಿಸೆದಾಗ ಇಟ್ಟು ಎದ್ದಿದ್ರು. ಅಷ್ಟ್ರಾಗ ಪರದೆ ಮ್ಯಾಲ ಅವರ ಬಿಡ್ ಬಿತ್ರಿ! ಜೀವ ಹೋದ್ರೂ ಬೋಣಿಗಿ ಬಿಡಲಿಲ್ಲ ಅಂತ ಮಂದಿ ಕಣ್ಣೀರ ಹಾಕ್ಕೋತ ಒತ್ತ್ಯಾರ್ರಿ. ಅವರ ಮರ್ಯಾದಿಗಂತ ರೇಟ್ ಮಿಕ್ಕಿ ಹಾಕ್ಯಾರ."

ಪೇಢೆ ಇನ್ನೂ ಬಾಯಲ್ಲಿತ್ತು. ಉಗುಳಿದೆ.

"ಬಾಯಿ ಮುಚ್ಚಿಕೊಂಡಿರು," ಎಂದರು ಸರ್. "ಮುತ್ಯಾನೂ ಅದನ್ನ ಹೇಳಿದ್ದ."

ಮಧ್ಯಾಹ್ನ

ಗುರುಬಸವ್ವ, ಬಸಗೊಂಡಪ್ಪನವರ ಹೆಂಡತಿ, ತಾವೇ ಫೋನ್ ಮಾಡಿದರು. ಅಳುತ್ತಿರಲಿಲ್ಲ.

"ತಂಗೀ, ಇವರ ಫೋನ್ ನಿನ್ನೆಯಿಂದ ನನ್ನ ಉಡ್ಯಾಗ ಐತಿ, ಬಂದ್ ಮಾಡಿದ್ದು. ಮಂದಿ ಬಂದು ಹೆಣದ ಕಾಲ ಬೀಳಾಕತ್ತಾರ. ಆ ಆ್ಯಪ್ ನಡಸಾಕಿ ನೀನ ಅಂತಲ್ಲ, ಖರೆ ಹೇಳವಾ. ಇವರು ಒತ್ಯಾರೇನ?"

ಬಂದು ಹೇಳ್ತೀನ್ರೀ ಅಮ್ಮಾ, ಎಂದೆ.

ಬಬಲೇಶ್ವರದ ಬಸ್ಸಿನಲ್ಲಿ

ಬಾಯಿಪಾಠ ಮಾಡುತ್ತಿದ್ದೇನೆ. ಒತ್ತಿದ್ದು ನಾನು, ಅಮ್ಮಾ. ಅವರೇ ಹೇಳಿದ್ದರು, ಆದರೆ ಒತ್ತಿದ್ದು ನಾನು. ಸರ್ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ, ಎತ್ತುತ್ತಿಲ್ಲ. ಹೆದರಿಕೆಯಾಗುತ್ತಿದೆ.

ಮುಂದಿನ ಸೀಟಿನಲ್ಲಿ ಹೊಳೆವ್ವ. ಮಡಿಲಲ್ಲಿ ಹೂವಿನ ಹಾರ. ನನ್ನನ್ನು ನೋಡಿಲ್ಲ. ಪಕ್ಕದವಳಿಗೆ ಹೇಳುತ್ತಿದ್ದಾಳೆ, "ಸತ್ತ ಮ್ಯಾಲೂ ನನ್ನ ಮಾಲಿಗೆ ಕೈ ಹಚ್ಚ್ಯಾನವ್ವಾ, ದೇವರಂಥಾ ಮನಶ್ಯಾ."

ಅಲ್ಲಿ ಎಲ್ಲರೆದುರು ಇವಳಿಗೆ ಗೊತ್ತಾಗುವುದು ಬೇಡ. ಈಗಲೇ ಕರೆದು ಹೇಳಬೇಕು — ಹೊಳೆವ್ವಾ, ಇತ್ತ ತಿರುಗು, ಆ ಬೋಣಿಗಿ ಒತ್ತಿದ್ದು ಮುತ್ಯಾ ಅಲ್ಲ, ನಾನು. ಬರೆಯುವುದು ಸಾಕು, ಕರೆಯುತ್ತೇನೆ.