ಬೊಳ್ಳಮ್ಮನ ಶಾಲೆಯ ದಾರಿ

೯ ಡಿಸೆಂಬರ್ ೧೯೫೮, ಮಂಗಳವಾರ

ಮೊಮ್ಮಗಳು ಬೊಳ್ಳಮ್ಮ ಮೂರ್ನಾಡಿನ ಶಾಲೆಗೆ ಹೋಗುವುದು ಹೇಗೆ ಎಂಬುದೇ ಇವತ್ತೆಲ್ಲ ತಲೆ ತಿಂದಿತು. ಅದು ಆನೆ ಓಡಾಡುವ ದಾರಿ. ಇಷ್ಟು ದಿನ ಮಗ ಬೆಳ್ಯಪ್ಪ ಕೋವಿ ಹಿಡಿದು ಅವಳ ಜೊತೆ ನಡೆಯುತ್ತಿದ್ದ. ಈಗ ಕಾಫಿ ಕುಯ್ಲು ಶುರುವಾಗಿದೆ, ಅವನಿಗೆ ಬಿಡುವಿಲ್ಲ. ದಿನಾ ಬಸ್ಸಿಗೆ ಕೊಡಲು ಕಾಸಿಲ್ಲ.

“ಹಳೇ ಸೈಕಲ್ಲೊಂದು ತರ್ತೇನೆ ಅವ್ವ” ಅಂದ.

“ತಾ. ಏರಿನಲ್ಲಿ ಕೂಸು ಸೈಕಲ್ ತಳ್ತದೆ, ಹಿಂದಿನಿಂದ ಆನೆ ಕೂಸನ್ನ ತಳ್ತದೆ.”

ಯಾರೂ ನಗಲಿಲ್ಲ. ಕುಯ್ಲು ಮುಗಿಯುವವರೆಗೆ ಶಾಲೆ ಬೇಡವೆಂದು ಕೊನೆಗೆ ನಾನೇ ಹೇಳಿದೆ.

“ಆಮೇಲೆ ಕಳಿಸ್ತೀಯಾ ಅಜ್ಜಿ?” ಎಂದು ಕೇಳಿದಳು.

ಹೂಂ ಅಂದೆ. ನನ್ನನ್ನು ಮೂರನೇ ಕ್ಲಾಸಿನಲ್ಲಿ ಬಿಡಿಸಿದಾಗ ನಮ್ಮಜ್ಜಿಯೂ ಹೀಗೇ ಹೂಂ ಅಂದಿದ್ದಳು.